ಮೂರು ಕೂಗಿನ ಪರೀಕ್ಷೆ

ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ಮಗಳು ಕೇಳಿದಾಗ ಅಂಗಿ ಎಂದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ‘ನಿನ್ನಿಷ್ಟ’ ಎಂದೆ. ಬಂದದ್ದು ಗಾಜಿನ ತೂಕದ ಯಂತ್ರ. ಬರಿಗಾಲಲ್ಲಿ ಹತ್ತಿದರೆ ಸಾಕು, ಮೈಯಲ್ಲಿ ಕೊಬ್ಬೆಷ್ಟು, ನೀರೆಷ್ಟು, ‘ದೇಹದ ವಯಸ್ಸು’ ಎಷ್ಟು ಎಂದೆಲ್ಲ ಮೊಬೈಲಿಗೆ ಚಾಡಿ ಹೇಳುತ್ತದೆ.

ನನಗೆ 52. ಯಂತ್ರ 61 ಎಂದಿತು. ಕೊಬ್ಬು ಶೇಕಡಾ 31.

ಇದರ ಗುಟ್ಟು ಇಷ್ಟೇ: ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣದೊಂದು ವಿದ್ಯುತ್ ಹರಿಸುತ್ತದೆ. ನೀರು ತುಂಬಿದ ಸ್ನಾಯು ಅದಕ್ಕೆ ದಾರಿ ಬಿಡುತ್ತದೆ, ಕೊಬ್ಬು ಅಡ್ಡಗಟ್ಟುತ್ತದೆ. ಉಳಿದದ್ದು ಎತ್ತರ, ವಯಸ್ಸು ಸೇರಿಸಿ ಮಾಡಿದ ಅಂದಾಜು. ಅಂದಾಜು ಎಂದ ಮೇಲೆ ಚೌಕಾಸಿಗೆ ಜಾಗವಿದೆ ಎಂದೇ ಅರ್ಥ. ಕಾಲು ತೊಳೆದು ಒದ್ದೆಯಲ್ಲೇ ನಿಂತೆ: 29. ಒಂದು ಚೊಂಬು ನೀರಿಗೆ ಇಷ್ಟು ಕರಗುವುದಾದರೆ ಜಿಮ್ಮಿಗೆ ಯಾಕೆ ದುಡ್ಡು ಸುರಿಯಬೇಕು? ಹುರುಪಿನಲ್ಲಿ ಎತ್ತರವನ್ನು 170ರಿಂದ 175 ಸೆಂಟಿಮೀಟರಿಗೆ ಏರಿಸಿದೆ. ಇನ್ನಷ್ಟು ಇಳಿಯಿತು. ಸಂಜೆ ಮಗಳು ಮೊಬೈಲ್ ನೋಡಿ, ‘ಅಪ್ಪಾ, ಬೆಳಗ್ಗೆಯಿಂದ ಐದು ಸೆಂಟಿಮೀಟರ್ ಬೆಳೆದಿದ್ದೀಯಾ?’ ಎಂದಳು.

ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವ ಬಿಎಂಐ ಲೆಕ್ಕದಲ್ಲಿ ಈ ಆಟ ನಡೆಯಲಿಲ್ಲ, ಏಕೆಂದರೆ ಲೆಕ್ಕ ಹಾಕಿದವಳು ಅವಳೇ. 78 ಕಿಲೋ, 1.7 ಮೀಟರ್, ಉತ್ತರ 27. ಈ ಸೂತ್ರದ ಮೂಲಪುರುಷ ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂನ ಖಗೋಳಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ. ನಕ್ಷತ್ರ ನೋಡಿಕೊಂಡಿದ್ದವನಿಗೆ ನನ್ನ ಹೊಟ್ಟೆಯ ಉಸಾಬರಿ ಏಕೆ ಬೇಕಿತ್ತೋ. ಸಾಲದ್ದಕ್ಕೆ, ಜಗತ್ತಿಗೆಲ್ಲ 25ರವರೆಗೆ ಸಲಿಗೆ ಇದ್ದರೆ ಭಾರತೀಯರಿಗೆ 23ಕ್ಕೇ ಗೆರೆ ಎಳೆದಿದ್ದಾರೆ. ನಾವು ಕೊಬ್ಬನ್ನು ಹೊಟ್ಟೆಯಲ್ಲೇ ಠೇವಣಿ ಇಡುವವರಂತೆ.

ಆ ಠೇವಣಿಯನ್ನೂ ಅಳೆಯೋಣವೆಂದು ಹೆಂಡತಿಯ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದೆ. ಅಳೆಯಬೇಕಾದದ್ದು ಪ್ಯಾಂಟು ನಿಲ್ಲುವ ಕಡೆ ಅಲ್ಲ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಅದೂ ಉಸಿರು ಬಿಟ್ಟು. ನನ್ನ ಪ್ಯಾಂಟು 34. ಟೇಪು 40 ಎಂದಿತು! ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ ಟೇಪಿನ ಮೊದಲ ಎರಡು ಅಂಗುಲ ಎಂದೋ ಹರಿದುಹೋಗಿತ್ತು. ಅಂದರೆ 38. ಗಂಡಸರಿಗೆ ಮಿತಿ 90 ಸೆಂಟಿಮೀಟರ್, ಸುಮಾರು ಮೂವತ್ತೈದೂವರೆ ಅಂಗುಲ. ಆದರೂ ಒಂದೇ ನಿಮಿಷದಲ್ಲಿ ಎರಡು ಅಂಗುಲ ಇಳಿಸಿದವನ ಸಂತೋಷ ನನಗಿತ್ತು.

ಮುಂದಿನದು ಕೂತು ಏಳುವ ಪರೀಕ್ಷೆ. ಬ್ರೆಜಿಲ್‌ನ ವೈದ್ಯರು ರೂಪಿಸಿದ್ದು. ಕೈ, ಮೊಣಕಾಲು ಊರದೆ ನೆಲಕ್ಕೆ ಕೂತು ಹಾಗೆಯೇ ಎದ್ದರೆ ಹತ್ತಕ್ಕೆ ಹತ್ತು. ಒಂದೊಂದು ಆಸರೆಗೂ ಒಂದೊಂದು ಅಂಕ ಖೋತಾ. ಕೂರುವುದು ಸುಲಭವಾಗಿಯೇ ಆಯಿತು, ಏಕೆಂದರೆ ಅರ್ಧ ದಾರಿಯಿಂದ ನಾನು ಕೂರಲಿಲ್ಲ, ಬಿದ್ದೆ. ಏಳಲು ಎರಡು ಕೈ, ಒಂದು ಮೊಣಕಾಲು, ಸೋಫಾದ ಕೈ ಎಲ್ಲವೂ ಬೇಕಾದವು. ಅಂಕ ಎಣಿಸುತ್ತಿರುವಾಗ ಅಮ್ಮ, ‘ಏನೋ ಹುಡುಕುತ್ತಿದ್ದೀಯಾ? ನನ್ನ ಕನ್ನಡಕದ ಡಬ್ಬಿಯೂ ಅಲ್ಲೇ ಬಿದ್ದಿರಬೇಕು, ನೋಡು’ ಎಂದರು. ಮತ್ತೆ ಕೂತೆ.

ಹೆಂಡತಿ ಬಟ್ಟೆ ಒಣಹಾಕಲು ಮಹಡಿಗೆ ಹೊರಟಳು. ‘ರೀ, ಕುಕ್ಕರಿನಲ್ಲಿ ಬೇಳೆ ಇಟ್ಟಿದ್ದೇನೆ. ಮೂರು ಸಲ ಕೂಗಿದ ಮೇಲೆ ಆರಿಸಿ.’

ಆಗಲಿ ಎಂದು ಕೊನೆಯ ಪರೀಕ್ಷೆಗೆ ಅಣಿಯಾದೆ. ಒಂದಡಿ ಎತ್ತರದ ಮೆಟ್ಟಿಲನ್ನು ಮೂರು ನಿಮಿಷ ಹತ್ತಿ ಇಳಿಯಬೇಕು, ನಿಮಿಷಕ್ಕೆ 96 ತಾಳಕ್ಕೆ ಹೆಜ್ಜೆ ಹೊಂದಿಸಿ. ಆಮೇಲೆ ಕೂತು ಪೂರ್ತಿ ಒಂದು ನಿಮಿಷ ನಾಡಿ ಎಣಿಸಬೇಕು. ಅಟ್ಟದ ಸಾಮಾನು ಇಳಿಸುವ ಸ್ಟೂಲು ಎಳೆದು, ಮೊಬೈಲಿನಲ್ಲಿ ಟಿಕ್ ಟಿಕ್ ಹಚ್ಚಿದೆ. ಹತ್ತು, ಹತ್ತು, ಇಳಿ, ಇಳಿ. ಎರಡು ಸುತ್ತಿಗೆ ಒಂದು ಆದಿತಾಳ. ಎರಡನೆಯ ನಿಮಿಷಕ್ಕೆ ತಾಳ ಒಂದು ಕಡೆ, ನಾನು ಒಂದು ಕಡೆ. ಕೆಳಗಿನ ಮನೆಯವರು ಬಂದು, ‘ಅವಲಕ್ಕಿ ಕುಟ್ಟುತ್ತಿದ್ದೀರಾ?’ ಎಂದು ಕೇಳಿ ಹೋದರು.

ಮೂರು ನಿಮಿಷ ಮುಗಿಸಿ ಕುರ್ಚಿಗೆ ಕುಸಿದು ಮಣಿಕಟ್ಟು ಹಿಡಿದೆ. ಇಪ್ಪತ್ತು, ನಲವತ್ತು... ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅರವತ್ತೊಂದು, ಅರವತ್ತೆರಡು... ಮತ್ತೆ ಕೂಗಿತು. ಲೆಕ್ಕ ತಪ್ಪಿದರೆ ಇನ್ನೊಮ್ಮೆ ಸ್ಟೂಲು ಹತ್ತಬೇಕಲ್ಲ ಎಂಬ ಭಯಕ್ಕೆ ಕಣ್ಣು ಮುಚ್ಚಿ ಎಣಿಸಿದೆ. ಕಣ್ಣು ತೆರೆದಾಗ ಸೀದ ಬೇಳೆಯ ವಾಸನೆ ನಡುಮನೆಗೆ ಬಂದಿತ್ತು, ಖಾಲಿ ಬಕೆಟ್ ಹಿಡಿದ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

‘ಎಷ್ಟಾಯಿತು?’ ಎಂದಳು.

‘ನೂರ ಇಪ್ಪತ್ತೆಂಟು’ ಎಂದೆ.