ಅಮೆರಿಕದ ಗರ್ಭಪಾತ ಕಾನೂನು: ಒಂದು ಸ್ಪಷ್ಟನೆ

‘ಅಮೆರಿಕದಲ್ಲಿ ಗರ್ಭಪಾತ ಪೂರ್ತಿ ನಿಷೇಧವಾಗಿದೆ, ಜನರೂ ಒಪ್ಪಿಕೊಂಡಿದ್ದಾರೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನೇನೂ ಹೇರಲಿಲ್ಲ. ಅಲ್ಲಿಯವರೆಗೆ ಇಡೀ ದೇಶಕ್ಕೆ ಇದ್ದ ಗರ್ಭಪಾತದ ಹಕ್ಕನ್ನು ತೆಗೆದು, ತೀರ್ಮಾನವನ್ನು ರಾಜ್ಯಗಳಿಗೆ ಬಿಟ್ಟಿತು. ಕೆಲವು ರಾಜ್ಯಗಳು ನಿಷೇಧಿಸಿದವು, ಕ್ಯಾಲಿಫೋರ್ನಿಯಾದಂಥವು ಹಕ್ಕನ್ನು ಇನ್ನೂ ಗಟ್ಟಿ ಮಾಡಿದವು.

ಇನ್ನು ಜನರ ಮಾತು. ಕಾನ್ಸಾಸ್ ರಾಜ್ಯ ಅಂದರೆ, ಗರ್ಭಪಾತವನ್ನು ಸಾಮಾನ್ಯವಾಗಿ ವಿರೋಧಿಸುವ ರಿಪಬ್ಲಿಕನ್ ಪಕ್ಷದವರ ಕೋಟೆ, ಅಲ್ವಾ? ಅಲ್ಲೇ 2022ರ ಆಗಸ್ಟ್‌ನಲ್ಲಿ, ಗರ್ಭಪಾತದ ಹಕ್ಕಿಗೆ ರಾಜ್ಯ ಸಂವಿಧಾನದಲ್ಲಿದ್ದ ರಕ್ಷಣೆ ತೆಗೆಯುವ ಪ್ರಸ್ತಾಪವನ್ನು ಸುಮಾರು ಶೇ. 59 ಮತದಾರರು ತಿರಸ್ಕರಿಸಿದರು. ಮರುವರ್ಷ ಒಹಾಯೊ ಜನ ಈ ಹಕ್ಕನ್ನು ಸಂವಿಧಾನಕ್ಕೇ ಸೇರಿಸಿದರು.

ಹಾಗಂತ ಎಲ್ಲ ಕಡೆ ಹೀಗೇ ಆಗಲಿಲ್ಲ. 2024ರಲ್ಲಿ ಫ್ಲಾರಿಡಾದ ಸುಮಾರು ಶೇ. 57 ಮತದಾರರು ಹಕ್ಕಿನ ಪರ ನಿಂತರೂ ಸೋತರು. ಅಲ್ಲಿ ಗೆಲ್ಲಲು ಶೇ. 60 ಬೇಕು! ಸೌತ್ ಡಕೋಟಾದಲ್ಲಂತೂ ಬಹುಮತವೇ ಸಿಗಲಿಲ್ಲ.