ಟಯರು ಬಂದರೆ ಫೋನ್ ಮಾಡ್ತೇವೆ ಸರ್

ನಮ್ಮ ಕರಾವಳಿಯಲ್ಲಿ ಎಲ್ಲದಕ್ಕೂ ಒಂದು ಗಡುವು ಉಂಟು. ಮಳೆಗಾಲದ ಮುಂಚೆ, ಮೇ ಕೊನೆಗೆ ಪತ್ತನಾಜೆ ಎಂಬ ದಿನ ಬಂತೆಂದರೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ, ಹಪ್ಪಳ ಡಬ್ಬ ಸೇರುತ್ತದೆ, ಸೌದೆ ಕೊಟ್ಟಿಗೆ ಸೇರುತ್ತದೆ. ಬೈಕ್ ಇರುವವರು ಬಗ್ಗಿ ಟಯರು ನೋಡುತ್ತಾರೆ. ನೋಡಲೇಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮ ದಕ್ಷಿಣ ಕನ್ನಡ, ಅದರಲ್ಲೂ ಮುಕ್ಕಾಲು ಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಟಯರಿನ ಮೇಲಿನ ಗೀರುಗಳು ಚಂದಕ್ಕೆ ಇರುವುದಲ್ಲ, ಅಡಿಗೆ ಸಿಕ್ಕಿದ ನೀರನ್ನು ಆಚೆ ತಳ್ಳಲಿಕ್ಕೆ ಇರುವುದು. ಗೀರು ಸವೆದರೆ ಬೈಕು ನೀರಿನ ಮೇಲೆ ತೇಲುತ್ತದೆ, ತೇಲಿದ ಮೇಲೆ ಬ್ರೇಕು ಹಿಡಿದರೂ ಒಂದೇ, ಹರಕೆ ಹೇಳಿಕೊಂಡರೂ ಒಂದೇ.

ನನ್ನ ಬೈಕಿನ ಹಿಂಬದಿ ಟಯರಿನ ಕಥೆ ಮುಗಿದಿತ್ತು. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ, ಟಯರು ಸವೆದು ಅದಕ್ಕೆ ಸಮ ಆಯಿತೆಂದರೆ ಬದಲಾಯಿಸು ಎಂದು ಅರ್ಥ. ನನ್ನದು ಸಮ ಆಗಿ, ಉಬ್ಬೂ ಸವೆಯಲು ಶುರುವಾಗಿತ್ತು. ಸುರತ್ಕಲ್‌ನಿಂದ ಹಂಪನಕಟ್ಟೆಗೆ ದಿನಾ ಹೋಗಿ ಬರುವ ಬೈಕು ಅದು. ಕೂಳೂರಿನ ಹೊಂಡಗಳನ್ನು ಮೂರು ವರ್ಷ ಹಾರಿದ ಟಯರಿಗೆ ನಾನು ಏನೂ ಹೇಳುವ ಹಾಗಿಲ್ಲ.

ರಸ್ತೆ ಬದಿಯ ಟಯರ್ ಅಂಗಡಿಗೆ ನೇರ ಹೋಗಿದ್ದರೆ ಇದನ್ನು ಬರೆಯುವ ಕೆಲಸವೇ ಇರಲಿಲ್ಲ. ಆದರೆ ನನ್ನ ತಲೆಯಲ್ಲಿ 'ಆಥರೈಸ್ಡ್' ಎಂಬ ಹುಳ ಹೊಕ್ಕಿತ್ತು. ಕಂಪನಿಯ ಬೈಕು, ಕಂಪನಿಯ ಶೋರೂಮು, ಕಂಪನಿಯ ಸರ್ವಿಸ್. ಹೊರಗೆ ಯಾಕೆ ಹೋಗಬೇಕು ಅಲ್ವಾ?

2023ರ ಜನವರಿಯಲ್ಲಿ ಇದೇ ಶೋರೂಮಿನಲ್ಲಿ ನನಗೆ ಎಂಥ ಮರ್ಯಾದೆ ಮಾರಾಯ್ರೇ! ಬೈಕಿಗೆ ಮಾಲೆ, ಚಕ್ರದ ಅಡಿಗೆ ಲಿಂಬೆಹುಳಿ, ಕೈಗೆ ಲಾಡು, ಒಂದು ರಟ್ಟಿನ ಬೀಗದ ಕೈ, ನನ್ನ ಹೊಟ್ಟೆಯಷ್ಟು ದೊಡ್ಡದು, ಅದನ್ನು ಹಿಡಿಸಿ ಫೋಟೋ. ಮೂರು ಜನ ನಿಂತು ಚಪ್ಪಾಳೆ ತಟ್ಟಿದ್ದರು. ಮದುವೆಯಲ್ಲೂ ನನಗೆ ಯಾರೂ ಅಷ್ಟು ಚಪ್ಪಾಳೆ ತಟ್ಟಿಲ್ಲ.

ಈ ಸಲ ಮುಂದಿನ ಗಾಜಿನ ಬಾಗಿಲಲ್ಲಿ ಹೋದರೆ ಸೆಕ್ಯೂರಿಟಿಯವನು ತಡೆದ. "ಸರ್ವಿಸಾ? ಹಿಂದಿನಿಂದ." ಹಿಂದೆ ಎಂದರೆ ಕಟ್ಟಡ ಸುತ್ತಿ, ಜಲ್ಲಿ ರಾಶಿ ದಾಟಿ, ಶೀಟಿನ ಮಾಡಿನ ಅಡಿಗೆ. ಅಲ್ಲಿ ಸರ್ವಿಸ್ ಅಡ್ವೈಸರ್ ಎಂಬ ಹುಡುಗ ಕುಳಿತಿದ್ದ.

"ಟಯರು ಹಾಕಬೇಕಿತ್ತು" ಎಂದೆ.

"ಟಯರಾ ಸರ್?" ಎಂದು ಅವನು ಹೀಗೆ ನೋಡಿದ, ನಾನು ಮೀನು ಮಾರ್ಕೆಟ್ಟಿಗೆ ಹೋಗಿ ಆನೆ ಕೇಳಿದ ಹಾಗೆ.

ಸೈಜು ಹೇಳಿದೆ. 100/90-17, 55ಪಿ. ಟಯರು ಪಾಪ ತನ್ನ ಜಾತಕವನ್ನು ತಾನೇ ಮೈಮೇಲೆ ಬರೆದುಕೊಂಡಿರುತ್ತದೆ. ಅಗಲ 100 ಮಿಲಿಮೀಟರು, ಎತ್ತರ ಅದರ ಶೇಕಡಾ 90, ರಿಮ್ಮು 17 ಇಂಚು, 55 ಎಂದರೆ 218 ಕಿಲೋ ಹೊರಬಹುದು, ಪಿ ಎಂದರೆ ಗಂಟೆಗೆ 150 ಕಿಲೋಮೀಟರ್ ತನಕ ಓಡಬಹುದು. ಇಷ್ಟು ಸಾಕು, ಯಾವ ಪಂಚರ್ ಅಂಗಡಿಯ ಹುಡುಗನೂ ಇಷ್ಟು ಕೇಳಿ ಟಯರು ತೆಗೆದು ಎದುರಿಗೆ ಇಡುತ್ತಾನೆ. ಇಲ್ಲಿ ಸಾಲುವುದಿಲ್ಲ. ಚಾಸಿಸ್ ನಂಬರ್ ಬೇಕು, ಎಂಜಿನ್ ನಂಬರ್ ಬೇಕು, ಮೊಬೈಲಿಗೆ ಬಂದ ಒಟಿಪಿ ಬೇಕು. ಇಷ್ಟೆಲ್ಲ ಕೊಟ್ಟ ಮೇಲೆ ಕಂಪ್ಯೂಟರು ಹೇಳಿತು, ಸ್ಟಾಕ್ ಇಲ್ಲ.

"ಮುಂದೆ ಶೋರೂಮಿನಲ್ಲಿ ಇದೇ ಬೈಕು ಹತ್ತು ನಿಂತಿದೆಯಲ್ಲ, ಎಲ್ಲದಕ್ಕೂ ಟಯರು ಉಂಟಲ್ಲ?"

"ಅದು ಗಾಡಿಯೊಟ್ಟಿಗೆ ಬರುವುದು ಸರ್."

"ಹಾಗಾದರೆ ಟಯರು ಬೇಕಾದರೆ ಎಂತ ಮಾಡುವುದು?"

ಅವನು ಒಂದು ಕ್ಷಣ ಯೋಚಿಸಿ, ತಮಾಷೆ ಏನೂ ಇಲ್ಲದ ಮುಖದಲ್ಲಿ, "ಎಕ್ಸ್‌ಚೇಂಜ್ ಆಫರ್ ನಡೀತಾ ಉಂಟು ಸರ್, ನೋಡ್ತೀರಾ?" ಎಂದ.

ಕೊನೆಗೆ 500 ರೂಪಾಯಿ ಅಡ್ವಾನ್ಸ್ ಕಟ್ಟಿಸಿಕೊಂಡು, "ಟಯರು ಬಂದರೆ ಫೋನ್ ಮಾಡ್ತೇವೆ ಸರ್" ಎಂದರು. ಬರುವಾಗ ಕೈಗೊಂದು ಎಸ್ಟಿಮೇಟು. ಅದರಲ್ಲಿ ಟಯರು ಬಿಟ್ಟು ಬಾಕಿ ಎಲ್ಲ ಇತ್ತು. ಟೆಫ್ಲಾನ್ ಕೋಟಿಂಗ್, ಎಂಜಿನ್ನಿನ ಒಳಗಿನ ಮಸಿ ತೆಗೆಯುವುದು, ಚೈನ್ ಕ್ಲೀನಿಂಗ್, ಮತ್ತೆ 'ಕನ್ಸ್ಯೂಮಬಲ್ಸ್' ಎಂಬ ಒಂದು ಸಾಲು. ಹಾಗೆಂದರೇನು ಎಂದು ಕೇಳಿದರೆ "ಹತ್ತಿ ಬಟ್ಟೆ, ಗ್ರೀಸು, ಆ ಥರದ್ದು" ಎಂದ. ಆ ದುಡ್ಡಿಗೆ ನಾನು ಒಂದು ಪಂಚೆಯನ್ನೇ ಕೊಡಿಸುತ್ತಿದ್ದೆ, ಒರೆಸಲಿಕ್ಕೆ. 2025ರ ಸೆಪ್ಟೆಂಬರ್ 22ರಿಂದ ಟಯರಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಾಗ ನಾನು ಖುಷಿಪಟ್ಟಿದ್ದೆ. ಅಲ್ಲಿ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಈ ಹತ್ತಿ ಬಟ್ಟೆ ನೋಡಿದ ಮೇಲೆ ಗೊತ್ತಾಯಿತು.

ಒಂದು ವಾರ ಕಳೆಯಿತು, ಫೋನ್ ಇಲ್ಲ. ನಾನೇ ಮಾಡಿದೆ. "ಬೆಂಗಳೂರಿನಿಂದ ಹೊರಟಿದೆ ಸರ್." ಮತ್ತೊಂದು ವಾರ. "ಶಿರಾಡಿ ಘಾಟಿಯಲ್ಲಿ ಬ್ಲಾಕ್ ಅಂತೆ ಸರ್." ಘಾಟಿ ನಮ್ಮ ಕಡೆಯವರಿಗೆ ಕೈಲಾಗದ ಎಲ್ಲ ಕೆಲಸಕ್ಕೂ ಒದಗುತ್ತದೆ, ಅದಕ್ಕೆ ನಾವು ಋಣಿಯಾಗಿರಬೇಕು. ಕಟೀಲು ಮೇಳದ ಹರಕೆ ಯಕ್ಷಗಾನ ಆಟಕ್ಕೆ ವರ್ಷಗಟ್ಟಲೆ ಕಾಯಬೇಕು ನಿಜ, ಆದರೆ ಅಲ್ಲಿ ಬುಕ್ ಮಾಡಿದವನಿಗೆ ಆಟ ಆಗಿಯೇ ಆಗುತ್ತದೆ ಎಂಬ ನಂಬಿಕೆ ಉಂಟು. ಇಲ್ಲಿ ಅದೂ ಇಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ನಂತೂರಿನ ಇಳಿಜಾರಿನಲ್ಲಿ ಎದುರಿನ ಬಸ್ಸು ಗಕ್ಕನೆ ನಿಂತಿತು (ನಮ್ಮ ಬಸ್ಸುಗಳು ಹಾಗೆಯೇ, ಅದು ಬೇರೆ ಪುರಾಣ), ನಾನು ಬ್ರೇಕು ಒತ್ತಿದೆ, ಹಿಂದಿನ ಚಕ್ರ ನನ್ನನ್ನು ಕೇಳದೆ ಎಡಕ್ಕೆ ಹೊರಟಿತು. ಬೀಳಲಿಲ್ಲ. ಹಿಂದೆ ಕುಳಿತಿದ್ದ ಹೆಂಡತಿ ಮನೆ ತಲುಪುವ ತನಕ ಮಾತಾಡಲಿಲ್ಲ, ಅದಕ್ಕಿಂತ ಬಿದ್ದಿದ್ದರೇ ವಾಸಿ ಇತ್ತು.

ಇಪ್ಪತ್ತಮೂರನೇ ದಿನ ಟಯರು ಬಂತು. ನಾನು ಅದರ ಬದಿ ತಿರುಗಿಸಿ ನಾಲ್ಕು ಅಂಕಿ ಹುಡುಕಿದೆ. 3922. ಎಂದರೆ 2022ನೇ ಇಸವಿಯ 39ನೇ ವಾರದಲ್ಲಿ ತಯಾರಾದದ್ದು. ಸೆಪ್ಟೆಂಬರ್ ಕೊನೆ. ನಾನು ಬೈಕು ತೆಗೆದದ್ದು ಅದರ ಮುಂದಿನ ಜನವರಿಯಲ್ಲಿ. ಅಂದರೆ ನನ್ನ ಬೈಕಿಗೆ ಹೊಸ ಟಯರೆಂದು ಕಾದು ಕಾದು ಬಂದದ್ದು ಬೈಕಿನ ಅಣ್ಣ!

"ಇದು ಹಳತು" ಎಂದೆ.

"ಎಕ್ಸ್‌ಪೈರಿ ಡೇಟು ಬ್ರೆಡ್ಡಿಗೆ ಸರ್, ಟಯರಿಗೆ ಅಲ್ಲ."

ಪೂರ್ತಿ ಸುಳ್ಳಲ್ಲ ಅದು. ಬಿಸಿಲು ತಾಗದ ಜಾಗದಲ್ಲಿ ಸರಿಯಾಗಿ ಇಟ್ಟಿದ್ದರೆ ಟಯರು ಅಷ್ಟು ಬೇಗ ಹಾಳಾಗುವುದಿಲ್ಲ. ಆದರೆ ರಬ್ಬರು ಓಡಿದರೂ ಓಡದಿದ್ದರೂ ಪ್ರಾಯ ಆದಂತೆ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ. ಮೂರೂವರೆ ವರ್ಷದ ಸರಕಿಗೆ ಇವತ್ತಿನ ರೇಟು ಯಾಕೆ ಎಂದು ಕೇಳಿದೆ. "ಸಿಸ್ಟಮ್‌ನಲ್ಲಿ ಹಾಗೆ ಬರುವುದು ಸರ್" ಎಂದ. ವಾರಂಟಿ ಯಾರದ್ದು ಎಂದು ಕೇಳಿದೆ. "ಟಯರಿನದ್ದು ಟಯರು ಕಂಪನಿಯದ್ದು, ನಮ್ಮದಲ್ಲ." ಹೊರಗೆ ಹಾಕಿಸಿದರೆ? "ನಮ್ಮ ವಾರಂಟಿ ಹೋಗ್ತದೆ ಸರ್." ಇಲ್ಲದ ವಾರಂಟಿ ಹೋಗುವುದು ಹೇಗೆ ಎಂದು ಕೇಳಲು ಹೋಗಲಿಲ್ಲ. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು, ಮನೆಯಲ್ಲಿ ಹೆಂಡತಿ ಇನ್ನೂ ಅರ್ಧ ಮಾತ್ರ ಮಾತಾಡುತ್ತಿದ್ದಳು. ಹಾಕಿ ಎಂದೆ.

ಕಸ್ಟಮರ್ ಲೌಂಜಿನಲ್ಲಿ ಕೂರಿಸಿದರು. ಅಲ್ಲಿ ಒಂದು ಟಿವಿ, ಅದರಲ್ಲಿ ಅದೇ ಬೈಕು ಹಿಮಾಲಯದಲ್ಲಿ ನೀರು ಹಾರಿಸಿಕೊಂಡು ಹೋಗುತ್ತಿತ್ತು. ಒಂದು ಕಾಫಿ ಮೆಷಿನು, ಅದಕ್ಕೊಂದು 'ರಿಪೇರಿಯಲ್ಲಿದೆ' ಚೀಟಿ. ರಿಪೇರಿಯನ್ನೇ ಕಸುಬು ಮಾಡಿಕೊಂಡವರ ಮನೆಯಲ್ಲಿ! ಗಾಜಿನ ಆಚೆ ನೋಡುತ್ತಿದ್ದೆ. ಒಬ್ಬ ಹುಡುಗ ನನ್ನ ಹಿಂದಿನ ಚಕ್ರ ಬಿಚ್ಚಿದ. ಚಕ್ರವನ್ನೂ ಟಯರನ್ನೂ ಸ್ಕೂಟರಿನ ಮುಂದೆ ಇಟ್ಟ. ಪ್ಲಾಸ್ಟಿಕ್ ಗೊರಬೆಯ ಹಾಗೆ ರೇನ್‌ಕೋಟು ಹೊದ್ದುಕೊಂಡು ಗೇಟು ದಾಟಿ ಹೋದ.

ಚಾ ಕುಡಿಯುವ ನೆಪದಲ್ಲಿ ನಾನೂ ಹಿಂದೆಯೇ ಹೋದೆ. ಹೆದ್ದಾರಿಯ ಆಚೆ ಬದಿ, ಸರ್ವಿಸ್ ರೋಡಿನಲ್ಲಿ ಒಂದು ಟಯರ್ ಅಂಗಡಿ. ಟಾರ್ಪಾಲಿನ ಅಡಿಗೆ ನನ್ನ ಚಕ್ರ ಮಲಗಿತ್ತು. ಅಂಗಡಿಯ ಅಣ್ಣ ಸಾಬೂನು ನೀರು ಹಚ್ಚಿ, ಹಳತನ್ನು ಎಬ್ಬಿಸಿ, ಬಾಣದ ಗುರುತು ನೋಡಿ, ಹೊಸತನ್ನು ಕೂರಿಸಿ, ವಾಲ್ವು ಬದಲಾಯಿಸಿ, ಗಾಳಿ ಹೊಡೆದು, ನೀರು ಬಿಟ್ಟು ಗುಳ್ಳೆ ಬರುತ್ತದಾ ನೋಡಿ ಮುಗಿಸಲು ಹದಿನೈದು ನಿಮಿಷ. ಹುಡುಗ 150 ರೂಪಾಯಿ ಕೊಟ್ಟು ಹೊರಟ.

"ಇದು ದಿನಾ ಉಂಟಾ ಅಣ್ಣಾ?" ಎಂದು ಕೇಳಿದೆ.

"ದಿನಕ್ಕೆ ನಾಲ್ಕೈದು ಬರ್ತದೆ ಅಣ್ಣ. ಅವರಲ್ಲಿ ಮೆಷಿನ್ ಉಂಟಂತೆ. ನಡೆಸುವವರು ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ಟಯರು ಬೇಕಿತ್ತಾ?" ಎಂದ. ಹಿಂದಿನ ಗೋಡೆಗೆ ನೋಡಿದೆ. ಅದೇ ಸೈಜು, ಅದೇ ಕಂಪನಿ, ಆರು ಟಯರು ಸಾಲಾಗಿ ನೇತಾಡುತ್ತಿದ್ದವು. ಎದ್ದು ಹೋಗಿ ಅಂಕಿ ನೋಡಲಿಲ್ಲ. ನೋಡಿದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಶೋರೂಮಿನ ಬಿಲ್ಲಿನಲ್ಲಿ 'ಲೇಬರ್' ಎಂದು 480 ರೂಪಾಯಿ ಇತ್ತು. ಹತ್ತಿ ಬಟ್ಟೆಯೂ ಇತ್ತು.

ಎರಡು ದಿನ ಬಿಟ್ಟು ಫೋನ್ ಬಂತು. ಹುಡುಗಿಯ ದನಿ, ಬಹಳ ವಿನಯ. "ಸರ್, ಟಯರು ಚೇಂಜ್ ಮಾಡಿದ ಕೆಲಸ ಹೇಗಿತ್ತು? ಕಂಪನಿಯಿಂದ ಕಾಲ್ ಬಂದರೆ ದಯವಿಟ್ಟು 10ಕ್ಕೆ 10 ಕೊಡಿ ಸರ್, 9 ಕೊಟ್ಟರೂ ನಮಗೆ ಸೊನ್ನೆಯೇ ಬೀಳ್ತದೆ."

"10 ಕೊಡ್ತೇನೆ ಅಮ್ಮ. ಕೆಲಸ ಬಹಳ ಚಂದ ಆಗಿದೆ. ಮಾಡಿದ್ದು ಎದುರಿನ ಟಯರ್ ಅಂಗಡಿಯ ಅಣ್ಣ."

ಅತ್ತ ಕೀಬೋರ್ಡಿನ ಟಕಟಕ ಕೇಳಿತು.

"ಅವರ ಎಂಪ್ಲಾಯಿ ಕೋಡ್ ಹೇಳ್ತೀರಾ ಸರ್?"