ಆಟಿಯಲ್ಲಿ ಮನೆ ತೋರಿಸುವುದಿಲ್ಲ

ಮಂಗಳೂರಿನಲ್ಲಿ ಯಾವುದಾದರೂ ಹಳೇ ಮನೆಯ ಅಂಗಳದಲ್ಲಿ ಏಕಾಏಕಿ ಏಣಿ, ಪುಟ್ಟಿ ಚೀಲ, ಪೈಂಟ್ ಡಬ್ಬ ಬಂದಿಳಿದರೆ ಎರಡೇ ಅರ್ಥ: ಮಗಳ ಮದುವೆ, ಇಲ್ಲವೇ ಮನೆ ಮಾರಾಟ. ಮದುವೆಯಾದರೆ ನಮಗೂ ಕಾಗದ ಬರುತ್ತದೆ. ಬಾರದಿದ್ದರೆ ಬ್ರೋಕರು ಬಂದು ಹೋಗಿದ್ದಾರೆ ಎಂದು ತಿಳಿಯಿರಿ.

ಬಚ್ಚಲಿನ ನೆಲ ಜಾರುತ್ತದೆ ಎಂದು ಹೆಂಡತಿ ಹೇಳಿ ಹೇಳಿ ಬಾಯಿ ಸೋತಾಗಲೂ ‘ನೋಡಿಕೊಂಡು ನಡೆ ಮಾರಾಯ್ತಿ’ ಎಂದಿದ್ದ ಶೆಟ್ರು, ಬ್ರೋಕರು ಒಮ್ಮೆ ಮೂಗು ಮುರಿದದ್ದೇ ತಡ, ಬಚ್ಚಲನ್ನೇ ಒಡೆಸಿ ಹೊಸ ಟೈಲ್ಸ್ ಹಾಕಿಸಿದರು. ಮನೆಯವರು ಬಿದ್ದರೆ ಅಡ್ಡಿಯಿಲ್ಲ, ಕೊಳ್ಳಲು ಬರುವ ಪಾರ್ಟಿಯ ಕಾಲು ಜಾರಬಾರದು.

‘ಶೆಟ್ರೇ, ಹಂಚು ಕಂಡರೆ ರೇಟು ಇಳಿಸ್ತಾರೆ. ತೆಗೆಸಿ ಶೀಟು ಹಾಕಿ, ಅದರ ಕೆಳಗೆ ಜಿಪ್ಸಮ್ ಸೀಲಿಂಗ್ ಹೊಡೆಸಿ’ ಎಂದರು ಬ್ರೋಕರು. ಆಯಿತು. ಚಾವಡಿಯ ಕೆಂಪು ಕಾವಿ ನೆಲ ವಿಟ್ರಿಫೈಡ್ ಟೈಲ್ಸಿನಡಿ ಸೇರಿತು. ಮುರಕಲ್ಲಿನ ಗೋಡೆ ಪುಟ್ಟಿ ಬಳಿದುಕೊಂಡು ಬೆಳ್ಳಗಾಯಿತು. ಹಂಚು ಗುಜರಿಗೆ, ಗುಜರಿಯಿಂದ ಮಲ್ಪೆ ಕಡೆಯ ಒಂದು ಹೋಮ್‌ಸ್ಟೇಗೆ. ಅದರ ಮೇಲಿದ್ದ ಮುದ್ರೆ 1865. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದ ವರ್ಷ ಅದು. ಎಷ್ಟೋ ವರ್ಷ ಕಳೆದು ಸುಟ್ಟ ಹಂಚಿಗೂ ಅದೇ ಮುದ್ರೆ. ಗುಜರಿಯವರು ಮಾತ್ರ ಅದನ್ನು ಹಂಚಿನ ಜನ್ಮವರ್ಷ ಎಂದೇ ಮಾರುತ್ತಾರೆ. ಶೆಟ್ರ ಮನೆ ನೋಡಲು ಬಂದ ಬೆಂಗಳೂರಿನ ಪಾರ್ಟಿ ಉಳಿದುಕೊಂಡದ್ದು ಅದೇ ಹೋಮ್‌ಸ್ಟೇಯಲ್ಲಿ. ಹಂಚಿನಡಿ ನಿಂತು ಸೆಲ್ಫಿ ತೆಗೆದುಕೊಂಡು, ಇಲ್ಲಿ ಬಂದು ಸೀಲಿಂಗ್ ನೋಡಿ, ‘ಇದು ನಮ್ಮ ಯಲಹಂಕದ ಫ್ಲ್ಯಾಟಿನ ಹಾಗೇ ಇದೆಯಲ್ಲ’ ಎಂದು ಹೋದರು.

ಗೇಟಿಗೆ ಬಂಗಾರದ ಬಣ್ಣ ಬಂತು. ಖಾತೆ ಮಾತ್ರ ಇನ್ನೂ ಅಜ್ಜಿಯ ಹೆಸರಿನಲ್ಲೇ ಉಂಟು. ಇ-ಖಾತೆ ಇಲ್ಲದೆ ರಿಜಿಸ್ಟ್ರಿ ಆಗುವುದಿಲ್ಲ, ಸಹಿ ಹಾಕಬೇಕಾದವರು ಮುಂಬಯಿ, ದುಬೈ ಎಂದು ಚದುರಿದ್ದಾರೆ. ಅದಕ್ಕೆ ಪುಟ್ಟಿ ಸಿಗುವುದಿಲ್ಲವಲ್ಲ, ಹಾಗಾಗಿ ಬ್ರೋಕರು ಆ ವಿಷಯ ಎತ್ತುವುದೇ ಇಲ್ಲ.

ಈ ರಿಪೇರಿಗಳಿಗೆಲ್ಲ ಒಂದು ಪಂಚಾಂಗ ಉಂಟು. ದೀಪಾವಳಿ ಕಳೆದು ಕೆಲಸ ಶುರು, ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯೊಳಗೆ, ಅಡ್ವಾನ್ಸ್ ಕೈಗೆ ಬರಬೇಕು. ಮುಂಗಾರು ಹಿಡಿದರೆ ಗೋಡೆಯ ಮೇಲೆ ಒಂದೊಂದೇ ಭೂಪಟ ಮೂಡುತ್ತದೆ. ಪುಟ್ಟಿಯ ವಾಯಿದೆ ಅಲ್ಲಿಗೆ ಮುಗಿಯಿತು.

ಮೊನ್ನೆ ಮುಂಬಯಿಯಿಂದ ರಿಟೈರಾಗಿ ಬಂದ ಇಂಜಿನಿಯರೊಬ್ಬರು ಮಾರ್ಚಿನಲ್ಲಿ ಮನೆ ನೋಡಿದರು. ಎಲ್ಲ ಒಪ್ಪಿಗೆ. ‘ಜುಲೈ ಕೊನೆಗೆ ಇನ್ನೊಮ್ಮೆ ಬರ್ತೇನೆ’ ಎಂದರು.

ಜುಲೈ ಕೊನೆ ಎಂದರೆ ಆಟಿ, ತುಳುವರು ಶುಭಕಾರ್ಯ ಮಾಡದ ಮಳೆಯ ತಿಂಗಳು. ಜನ್ಮದಲ್ಲಿ ರಾಹುಕಾಲ ನೋಡದ ಶೆಟ್ರು ಹೌಹಾರಿದರು. ‘ಆಟಿಯಲ್ಲಿಯಾ? ಛೇ, ಆಟಿಯಲ್ಲಿ ಯಾರಾದ್ರೂ ಮನೆಯ ಮಾತು ಆಡ್ಲಿಕ್ಕುಂಟಾ!’

‘ಮಾತಾಡ್ಲಿಕ್ಕಲ್ಲ ಶೆಟ್ರೇ. ಸುಮ್ಮನೆ ಈ ಗೋಡೆಗೆ ಒರಗಿ ಕೂತು ಒಂದು ಚಾ ಕುಡಿದು ಹೋಗ್ತೇನೆ.’